ನೆಲದ ಉಸಿರಿಗೆ ಗೆರೆ ಎಳೆದ ಅಕ್ಕೋರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಸೀಮೆಯ ಕನ್ನಡ ಶಾಲೆಗಳಲ್ಲಿ ಗಣಿತ ಕಲಿಸಿದವರು ಅನೇಕರಿದ್ದಾರೆ. ಲೆಕ್ಕವನ್ನು ಮಕ್ಕಳ ಕಣ್ಣಿಗೆ ಕಾಣಿಸಿಕೊಟ್ಟವರು ವಿರಳ. ಆ ವಿರಳರ ಸಾಲಿನಲ್ಲಿ ಮೊದಲು ನೆನಪಾಗುವ ಹೆಸರು, ಈ ಮೇ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಲಕ್ಷ್ಮಿಬಾಯಿ ಬಾಳಾಸಾಬ ಚೌಗಲಾ ಅವರದು. ಆರನೆಯ, ಏಳನೆಯ ಇಯತ್ತೆಯ ಪುಸ್ತಕಗಳ ಕಟ್ಟಕಡೆಗೆ ಬರುವ, ಪರೀಕ್ಷೆ ಹತ್ತಿರವಾದಾಗ ನಮ್ಮಲ್ಲಿ ಹೆಚ್ಚಿನವರು ಅವಸರದಿಂದ ಮುಗಿಸಿಬಿಡುವ ನಕ್ಷೆಗಳ ಪಾಠವನ್ನು ಅವರು ಜೂನ್ ತಿಂಗಳ ಮೊದಲ ವಾರದಲ್ಲಿಯೇ ಕೈಗೆತ್ತಿಕೊಂಡು, ಮಾರ್ಚ್‌ವರೆಗೂ ಕೆಳಗಿಡುತ್ತಿರಲಿಲ್ಲ. ನಕ್ಷೆಯ ಕಾಗದ ಕಂಡರಿಯದ ಶಾಲೆಗಳಲ್ಲಿ ನೀಲಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಚಿಮ್ಮಿ ಚೌಕಗಳನ್ನು ಮೂಡಿಸಿದರು. ಅಳತೆಗೆ ಕತ್ತರಿಸಿದ ಜೋಳದ ದಂಟುಗಳನ್ನು ಸಗಣಿಯಿಂದ ಅಂಟಿಸಿ ಸ್ತಂಭ ನಕ್ಷೆಗಳನ್ನು ನಿಲ್ಲಿಸಿದರು. ಸೀಮೆಯವರೆಲ್ಲ ಅವರನ್ನು ಚೌಗಲಾ ಅಕ್ಕೋರೆಂದೇ ಕರೆಯುವುದರಿಂದ ಈ ಲೇಖನದಲ್ಲಿಯೂ ಹಾಗೆಯೇ ಕರೆಯುವುದು ಉಚಿತ.

ಬೇಡಕಿಹಾಳದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಚಿಕ್ಕೋಡಿಯಲ್ಲಿ ಶಿಕ್ಷಕಿಯ ತರಬೇತಿ ಪಡೆದ ಅಕ್ಕೋರು, ಎಂಬತ್ತರ ದಶಕದ ಆರಂಭದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗಳ ಬೆನ್ನಿಗಿದ್ದ ಒಂದು ಶಾಲೆಯಲ್ಲಿದ್ದರು. ಅಲ್ಲಿಯ ಮಕ್ಕಳ ತಲೆಗೂದಲಲ್ಲಿ ಸದಾ ತಂಬಾಕಿನ ಪುಡಿ. ತಾವೇ ಒಂದು ಹಣಿಗೆ ತಂದಿಟ್ಟುಕೊಂಡು, ಪಾಠಕ್ಕೆ ಮುಂಚೆ ಬಾಚಿ ಕೊಡವುತ್ತಿದ್ದರೆಂಬುದನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಒಮ್ಮೆ ಯಾರ ಮನೆಯಲ್ಲಿ ಎಷ್ಟು ದನಕರುಗಳಿವೆ ಎಂದು ಕೇಳಿ ಗೋಡೆಯ ಮೇಲೆ ನಕ್ಷೆ ಹಾಕಿಸಿದಾಗ, ವಖಾರಿಯ ಕೂಲಿಕಾರ್ತಿಯ ಮಗಳು ಭೀಮಾಬಾಯಿಯ ಹೆಸರಿನ ಮೇಲೆ ಬರಿ ಗೋಡೆ ಉಳಿಯಿತು. ಹುಡುಗಿ ಸ್ವಲ್ಪ ಹೊತ್ತು ಅದನ್ನೇ ನೋಡಿ, ಖಡು, ಎಂದರೆ ಸೀಮೆಸುಣ್ಣ, ತೆಗೆದುಕೊಂಡು ತನ್ನ ಹೆಸರಿನ ಮೇಲೆ ಒಂದು ಬೆಕ್ಕನ್ನು ಬರೆದಳು.

“ಇದು ನಮ್ಮದಲ್ರೀ ಅಕ್ಕೋರ, ಬರತೈತಿ, ಹೋಗತೈತಿ,” ಎಂದಳು.

ಅಕ್ಕೋರು ಅದಕ್ಕೆ ಅರ್ಧ ಚೌಕ ಕೊಟ್ಟರು. ಅಂದಿನಿಂದ, ಒಂದು ಮಗು ನಾಲ್ಕು ಜನರ ಎದುರು ಬರಿಗೈಯಾಗುವಂಥ ಪ್ರಶ್ನೆಯನ್ನು ಅವರು ನಕ್ಷೆಗೆ ಆರಿಸಿಕೊಳ್ಳಲಿಲ್ಲ. ನೆರಳಿನ ಉದ್ದ, ಬಿದ್ದ ಮಳೆ, ಹಾರಿಹೋದ ಗಿಳಿವಿಂಡು, ಇಂಥ ಎಲ್ಲರಿಗೂ ಸೇರಿದ ಸಂಗತಿಗಳನ್ನೇ ಎಣಿಸಲು ಹೇಳಿದರು.

ಅವರ ಸೇವೆಯಲ್ಲಿ ಜನ ಹೆಚ್ಚಾಗಿ ಮಾತಾಡುವುದೂ, ಅವರು ತೀರ ಕಡಿಮೆ ಮಾತಾಡುವುದೂ ಹುಣಸಟ್ಟಿಯ ವರ್ಷದ ಕುರಿತು. ಕಾಗವಾಡ, ಶೇಡಬಾಳಗಳ ದ್ರಾಕ್ಷಿ ತೋಟಗಳನ್ನು ದಾಟಿ, ಕಬ್ಬಿನ ಗದ್ದೆಗಳೊಳಗೆ ನಡೆದು ಹೋಗಬೇಕಾದ ಊರು ಅದು. ೧೯೮೬ರ ಜೂನ್‌ನಲ್ಲಿ ಅಕ್ಕೋರು ಅಲ್ಲಿಗೆ ವರ್ಗವಾಗಿ ಹೋದಾಗ ಶಾಲೆ ಒಂದು ಹಳೆಯ ವಾಡೆಯಲ್ಲಿತ್ತು. ವಾಡೆಯ ಒಡೆಯರಾದ ವಿರುಪಾಕ್ಷಪ್ಪನವರು ಊರ ಹೊರಗೆ ಹೊಸ ಮನೆ ಕಟ್ಟಿಸಿಕೊಂಡು, ಹಳೆಯದನ್ನು ಶಾಲೆಗೆ ಬಿಟ್ಟುಕೊಟ್ಟು, ಶಾಲಾ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಏಳನೆಯ ಇಯತ್ತೆ ಕೂಡುತ್ತಿದ್ದುದು ವಾಡೆಯ ಅತಿ ಒಳಗಿನ, ದಪ್ಪ ಗೋಡೆಯ, ಒಂದೇ ಕಿಟಕಿಯ ಕೋಣೆಯಲ್ಲಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಅಲ್ಲಿ ಅಂಗಾಲು ತಣ್ಣಗಾಗುತ್ತಿತ್ತು.

ಆ ಕಿಟಕಿಯ ಕೆಳಗಿನ ಮೂಲೆಯಲ್ಲಿ, ತನ್ನ ಮನೆಯ ಕುರಿಹಟ್ಟಿ ಕಾಣುತ್ತದೆಂಬ ಕಾರಣಕ್ಕೆ, ಅಕ್ಕವ್ವ ಎಂಬ ಹುಡುಗಿ ಕೂಡುತ್ತಿದ್ದಳು. ಕುರಿ ಕಾಯುವ ಜಕ್ಕಪ್ಪನ ಕಿರಿಯ ಮಗಳು. ಮುಂಜಾನೆ ಅವಳಷ್ಟು ಚುರುಕಾದವರು ಆ ವರ್ಗದಲ್ಲಿರಲಿಲ್ಲ. ಮಧ್ಯಾಹ್ನದ ಊಟದ ಸುಟ್ಟಿ ಮುಗಿದು ಒಳಗೆ ಬಂದು ಕುಳಿತ ಸ್ವಲ್ಪ ಹೊತ್ತಿಗೆ ಅವಳ ಕಣ್ಣುಗಳು ತೇಲುತ್ತಿದ್ದವು, ತಲೆ ಗೋಡೆಗೆ ವಾಲುತ್ತಿತ್ತು. ಹಿಂದಿನ ವರ್ಷದ ಗುರುಗಳು ಆಲಸಿಯೆಂದು ಹೊಡೆದಿದ್ದರು. ಹೊಡೆತ ನಿಂತದ್ದು, ಅವಳು ನಿದ್ದೆಯಲ್ಲಿ ಎಣಿಸುತ್ತಾಳೆಂಬುದು ತಿಳಿದ ಮೇಲೆ.

“ಲಾಭ... ಎರಡ... ಮೂರ... ನಾಕ...”

ರಾಶಿ ಅಳೆಯುವವರು ಒಂದು ಎನ್ನದೆ ಲಾಭ ಎಂದು ಆರಂಭಿಸುವ ಹಳೆಯ ಎಣಿಕೆ ಅದು. ತೂಕದ ಕಾಲದಲ್ಲಿ ಹುಟ್ಟಿದ ಆ ಮಕ್ಕಳಲ್ಲಿ ಯಾರೂ ರಾಶಿ ಅಳೆದದ್ದನ್ನು ಕಂಡವರಲ್ಲ. ದನಿ ಅವಳದೇ, ಆದರೆ ಎಳೆದು ಎಳೆದು, ಬೆನ್ನು ಬಗ್ಗಿಸಿ ದುಡಿಯುವವರ ದಣಿವಿನಲ್ಲಿ ಬರುತ್ತಿತ್ತು. ಹನ್ನೊಂದಕ್ಕೆ ಬಂದು ನಿಲ್ಲುತ್ತಿತ್ತು; ಮತ್ತೆ ಲಾಭದಿಂದ ಆರಂಭವಾಗುತ್ತಿತ್ತು.

ಆಗಸ್ಟ್‌ನಲ್ಲಿ ಹುಡುಗಿಯ ತಾಯಿ ಕಾಳವ್ವ ಶಾಲೆಗೆ ಬಂದಳು. ಅವಳ ಹಿಂದೆ, ಹಣೆ ತುಂಬ ಕುಂಕುಮವಿಟ್ಟ ಮುದುಕಿ ಅತ್ತೆ ಲಗಮವ್ವ.

“ಹುಡುಗೀಗೆ ಗಾಳಿ ಸೋಂಕೇತ್ರೀ ಅಕ್ಕೋರ. ಸಾಲಿ ಸಾಕ್ರಿ. ಮ್ಹೈಸಾಳದಾಗ ಒಂದು ವರಾ ನೋಡೇವಿ. ದೀಪಾವಳಿ ಆದ ಕೂಡ್ಲೆ ಅಕ್ಕಿಕಾಳ ಹಾಕಿ ಕಳಸ್ತೀವಿ,” ಎಂದಳು ಕಾಳವ್ವ.

“ಮನ್ಯಾಗೂ ಹಿಂಗ ಎಣಸ್ತಾಳೇನು?”

“ಇಲ್ರೀ. ಸಾಲ್ಯಾಗ ಅಷ್ಟ.”

“ಯಾರರ ಹಂಗ ಎಣಸೂದನ್ನ ಕೇಳ್ಯಾಳೇನು?”

ಕಾಳವ್ವ ಅತ್ತೆಯ ಮುಖ ನೋಡಿದಳು. ಲಗಮವ್ವ ಮುಂದೆ ಬಂದು, “ಇಕಿ ಅಜ್ಜ ಅಳತಿಗಾರ ಇದ್ದರವ್ವಾ. ಇದ ವಾಡೇದಾಗ. ಜಕ್ಕಪ್ಪ ನನ್ನ ಹೊಟ್ಯಾಗ ಇದ್ದಾಗ ಕೊಲ್ಲಾಪುರಕ್ಕ ಹೋದರು. ಇನ್ನೂ ಬಂದಿಲ್ಲ,” ಎಂದಳು.

ಇನ್ನೂ ಬಂದಿಲ್ಲ ಎಂದಾಗ ಆಕೆಯ ದನಿಯಲ್ಲಿ ದುಃಖವಿರಲಿಲ್ಲ. ಸಂತೆಗೆ ಹೋದವರ ಕುರಿತು ಹೇಳುವಂತೆ ಹೇಳಿದಳು. ಜಕ್ಕಪ್ಪನಿಗೆ ಆಗ ಐವತ್ತು ಹತ್ತಿರವಾಗಿತ್ತು.

ಅಕ್ಕೋರು ಮೂಢನಂಬಿಕೆಯೆಂದು ಅವರನ್ನು ಬಯ್ಯಲಿಲ್ಲ. “ಗಾಳಿ ಅಂತೀರಲ್ಲ, ಆ ಗಾಳಿ ಯಾವಾಗ ಬರತೈತಿ, ಯಾವಾಗ ಹೋಗತೈತಿ ನೋಡೂಣು. ದೀಪಾವಳಿ ತನಕಾ ಹುಡುಗೀನ ನನಗ ಬಿಡ್ರಿ,” ಎಂದರು. ಹೆಂಗಸರು ಒಪ್ಪಿದರು.

ಅವರು ಹಾಗೆ ಹೇಳಿದ್ದು ಬರಿಯ ಸಮಾಧಾನಕ್ಕಲ್ಲ. ಆ ಮೂಲೆಯ ನೆಲಕ್ಕೆ ಹಾಸಿದ ಫರಸಿಕಲ್ಲುಗಳ ನಡುವೆ ಬೆರಳು ಹೋಗದಷ್ಟು ಕಿರಿದಾದ ಒಂದು ಬಿರುಕಿತ್ತು. ಮಧ್ಯಾಹ್ನ ಅಲ್ಲಿ ಉದುರಿದ ಖಡುವಿನ ಪುಡಿ ಬೀಸಣಿಗೆಯ ಆಕಾರದಲ್ಲಿ ಹೊರಕ್ಕೆ ಹರಡಿರುತ್ತಿತ್ತು. ಮುಂಜಾನೆ ಉದುರಿದ ಪುಡಿ ಬಿರುಕಿನೊಳಗೆ ಹೋಗಿ ಇಲ್ಲವಾಗುತ್ತಿತ್ತು. ಇದನ್ನು ಅವರು ಆ ವಾರವಷ್ಟೇ ಗಮನಿಸಿ, ಯಾರಿಗೂ ಹೇಳಿರಲಿಲ್ಲ.

ಮರುದಿನ ಅಕ್ಕವ್ವನನ್ನು ಬಾಗಿಲ ಬಳಿ ಕೂಡ್ರಿಸಿ, ಬಿರುಕಿನ ಪಕ್ಕ ದಂಟಿನ ಒಂದು ಚೌಕಟ್ಟು ನಿಲ್ಲಿಸಿ, ಅದರಿಂದ ನೂಲಿನಲ್ಲಿ ಒಂದು ಕೋಳಿಯ ಪುಕ್ಕವನ್ನು ತೂಗಬಿಟ್ಟರು. ಗೋಡೆಯ ಮೇಲೆ ನೀಲಿಯ ಚೌಕಗಳ ನಡುವೆ ಅಡ್ಡಲಾಗಿ ಒಂದು ದಪ್ಪ ಗೆರೆ. ಪುಕ್ಕ ಬಿರುಕಿನಿಂದ ಎಷ್ಟು ಬೆರಳು ದೂರ ಸರಿಯಿತೋ ಅಷ್ಟು ಚೌಕ ಗೆರೆಯ ಮೇಲೆ ಬಿಂದು. ಬಿರುಕಿನ ಕಡೆಗೆ ಎಷ್ಟು ಸೆಳೆಯಿತೋ ಅಷ್ಟು ಚೌಕ ಗೆರೆಯ ಕೆಳಗೆ. ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳೆಂದರೆ ಏನೆಂಬುದನ್ನು ಆ ಮಕ್ಕಳು ಕಲಿತದ್ದು ಹೀಗೆ. ಪ್ರತಿ ಗಂಟೆ ಬಾರಿಸಿದಾಗಲೂ ಒಬ್ಬರು ಹೋಗಿ ಅಳೆಯಬೇಕು, ಇನ್ನೊಬ್ಬರು ಬಿಂದು ಇಡಬೇಕು. ಅಳೆಯುವವರು ಉಸಿರು ಬಿಗಿಹಿಡಿದೇ ಅಳೆಯಬೇಕೆಂದು ಅಕ್ಕೋರು ಕಟ್ಟಪ್ಪಣೆ ಮಾಡಿದ್ದರು. ಪುಕ್ಕ ಅಲುಗಬಾರದೆಂದು ಮಕ್ಕಳು ತಿಳಿದುಕೊಂಡರು.

ಪ್ರಾರ್ಥನೆಯ ಹೊತ್ತಿಗೆ ಗೆರೆ ಕೆಳಗಿರುತ್ತಿತ್ತು. ಸ್ವಲ್ಪದರಲ್ಲಿ ಮೇಲಕ್ಕೆ ತಿರುಗುತ್ತಿತ್ತು. ಮಧ್ಯಾಹ್ನದ ಸುಟ್ಟಿಯ ನಂತರ ಶಿಖರ ಮುಟ್ಟಿ, ಶಾಲೆ ಬಿಡುವ ಹೊತ್ತಿಗೆ ಇಳಿಯುತ್ತಿತ್ತು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ಹಲವು ದಿನಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾದಾಗ, ಎಣ್ಣೆಗಾಣದವರ ಮಗ ಜಿನ್ನಪ್ಪ ಗೋಡೆಯಿಂದ ಹಿಂದೆ ಸರಿದು, “ಅಕ್ಕೋರ, ಇದು ಉಸಿರಾಡಾಕತ್ತೈತ್ರಿ,” ಎಂದ. ವರ್ಗದಲ್ಲಿ ಯಾರೂ ನಗಲಿಲ್ಲ.

ಅಕ್ಕೋರು ಅದೇ ಗೋಡೆಯ ಮೇಲೆ ಕೆಂಪು ಮಣ್ಣಿನಿಂದ ಎರಡನೆಯ ಗೆರೆ ಎಳೆಸಿದರು: ಆಯಾ ಗಂಟೆಗೆ ಆ ಮೂಲೆಗೆ ಹತ್ತಿರದ ಹಿಂದಿನ ಸಾಲಿನಲ್ಲಿ ಎಷ್ಟು ಮಕ್ಕಳು ತೂಕಡಿಸುತ್ತಿದ್ದಾರೆ. ನೀಲಿ ಏರಿದಾಗ ಕೆಂಪೂ ಏರಿತು. ನೀಲಿ ಇಳಿದಾಗ ಕೆಂಪೂ ಇಳಿಯಿತು. ಬಾಗಿಲ ಬಳಿ ಕುಳಿತ ಅಕ್ಕವ್ವ ಮಾತ್ರ ಎಚ್ಚರವಾಗಿದ್ದಳು. ಹುಡುಗಿಯಲ್ಲಿ ದೋಷವಿಲ್ಲ, ನೆಲದಲ್ಲಿದೆ ಎಂದು ಎರಡು ಗೆರೆಗಳು ಹೇಳುತ್ತಿದ್ದವು. ಬಿರುಕಿನ ಹತ್ತಿರ ಹಿಡಿದ ಚಿಮಣಿ ದೀಪ ಮಧ್ಯಾಹ್ನ ಸದ್ದಿಲ್ಲದೆ ಆರಿಹೋಯಿತು. ಅದರ ಮರುದಿನದಿಂದ ಹಿಂದಿನ ಸಾಲನ್ನೇ ಅಲ್ಲಿಂದ ಎಬ್ಬಿಸಿದರು.

ಇಷ್ಟಾದ ಮೇಲೂ ತಾವೊಮ್ಮೆ ಕಾಣದೆ ಇನ್ನೊಬ್ಬರಿಗೆ ಹೇಳುವುದು ಸರಿಯಲ್ಲವೆಂದು, ಒಂದು ಮಧ್ಯಾಹ್ನ ಅಕ್ಕೋರು ತಾವೇ ಆ ಮೂಲೆಯಲ್ಲಿ ಕುಳಿತರು. ಕೂಗಿ ಕರೆದರೆ ಉತ್ತರ ಬರದಿದ್ದಲ್ಲಿ ಹೊರಗೆಳೆಯಿರೆಂದು ಇಬ್ಬರು ದೊಡ್ಡ ಹುಡುಗರಿಗೆ ಹೇಳಿದ್ದರು. ಮೊದಲು ಕಾಲು ತಣ್ಣಗಾಯಿತು. ಆಮೇಲೆ ಹಳೆಯ ಜೋಳದ ಮುಗ್ಗು ವಾಸನೆ. ಆಮೇಲೆ ಕೆಳಗೆಲ್ಲೋ, ಬಾಯಿ ತೆರೆದು ಮಲಗಿದವರ ಉಸಿರಿನಂಥ ಸಪ್ಪಳ. ಅದನ್ನು ಪಾಟಿಯ ಮೇಲೆ ಬರೆದುಕೊಳ್ಳಬೇಕೆಂದು ಖಡು ಹಿಡಿದದ್ದು ಅವರಿಗೆ ನೆನಪಿದೆ. ಮುಂದಿನ ನೆನಪು, ಅಂಗಳದ ಬಿಸಿಲಲ್ಲಿ ಮಕ್ಕಳು ಅವರ ಮುಖಕ್ಕೆ ನೀರು ಚಿಮುಕಿಸುತ್ತಿದ್ದದ್ದು. ಅಕ್ಕವ್ವ ಅವರ ಕೈ ಹಿಡಿದು ಅಳುತ್ತಿದ್ದಳು.

“ಅಕ್ಕೋರ, ನೀವೂ ಎಣಸಾಕತ್ತಿದ್ರಿ,” ಎಂದಳು.

ಅಂದು ಸಂಜೆಯೇ ಅವರು ವಿರುಪಾಕ್ಷಪ್ಪನವರನ್ನು ಶಾಲೆಗೆ ಕರೆತಂದು ಗೋಡೆ ತೋರಿಸಿದರು. ನೆಲದೊಳಗೆ ಹಗೇವು ಇರಬೇಕು, ಹಿಂದಿನವರು ಜೋಳ ತುಂಬಿಡುತ್ತಿದ್ದ ಬಾವಿಯಂಥ ಗುಂಡಿ, ಅದರೊಳಗೆ ಕೆಟ್ಟ ಗಾಳಿ ಕೂತಿದೆ, ಫರಸಿ ತೆಗೆಸಿ ನೋಡಬೇಕು ಎಂದು ವಿನಯದಿಂದ ಕೇಳಿಕೊಂಡರು.

“ಹಗೇವೆಲ್ಲಾ ನಮ್ಮಪ್ಪನ ಕಾಲಕ್ಕ ತುಂಬಿ ಮುಚ್ಯಾವ್ರಿ. ನೆಲದಾಗ ಏನೂ ಇಲ್ಲ,” ಎಂದರು ವಿರುಪಾಕ್ಷಪ್ಪನವರು.

“ಏನೂ ಇಲ್ಲಂದ್ರ, ಈ ಉಸುರು ಯಾರದ್ರೀ ಯಜಮಾನ್ರ?”

ವಿರುಪಾಕ್ಷಪ್ಪನವರು ನೀಲಿ ಗೆರೆಯ ಮೇಲೆ ಬೆರಳಿಟ್ಟು, ಬಿಸಿ ತಾಗಿದವರಂತೆ ಹಿಂದಕ್ಕೆ ತೆಗೆದುಕೊಂಡರು. “ಆ ಫರಸಿ ಮುಟ್ಟಬ್ಯಾಡ್ರಿ,” ಎಂದಷ್ಟೇ ಹೇಳಿ ಹೊರಟುಹೋದರು. ರವಿವಾರ ಅವರ ಆಳುಗಳು ಬಂದು ಆ ಗೋಡೆಗೆ ಸುಣ್ಣ ಬಳಿದು ಹೋದರು. ಮಂಗಳವಾರದ ಹೊತ್ತಿಗೆ ಸುಣ್ಣದೊಳಗಿಂದ ನೀಲಿ ಮತ್ತೆ ಒಸರಿ ಮೇಲೆ ಬಂದಿತ್ತು. ಮಕ್ಕಳು ಅದರ ಮುಂದೆಯೇ ತಮ್ಮ ಬಿಂದುಗಳನ್ನು ಇಡುತ್ತ ಹೋದರು.

ಚಿತ್ತಿ ಮಳೆಯ ದಿನಗಳು ಬಂದವು. ಒಂದು ಮುಂಜಾನೆ ಆಕಾಶ ತೊಳೆದಿಟ್ಟಂತಿತ್ತು, ಎಲೆ ಅಲುಗುತ್ತಿರಲಿಲ್ಲ. ಪ್ರಾರ್ಥನೆಗೂ ಮುನ್ನ ಪುಕ್ಕ ನೋಡಲು ಹೋದ ಜಿನ್ನಪ್ಪ ಓಡಿ ಬಂದ.

“ಅಕ್ಕೋರ, ಇವತ್ತ ಮುಂಜಾನಿಂದನೂ ಹೊರಗ ಬಿಡಾಕತ್ತೈತ್ರಿ. ಒಳಗ ತಗೊಳ್ಳವಲ್ತು.”

ಅಕ್ಕೋರು ಹೋಗಿ ನೋಡಿದರು. ಪುಕ್ಕ ನೂಲು ಬಿಗಿದು ಗಾಳಿಯಲ್ಲಿ ಅಡ್ಡಲಾಗಿ ನಿಂತಿತ್ತು. ಬಿಂದು ಇಡಲು ಹೋದರೆ, ಎಳೆದಿದ್ದ ಚೌಕಗಳೆಲ್ಲ ಮುಗಿದು ಬರಿ ಗೋಡೆ. ಅಷ್ಟು ದಿನ ತಪ್ಪದೆ ನಡೆದ ಗೆರೆ ಅಂದು ತನ್ನ ದಾರಿ ಬಿಟ್ಟಿತ್ತು. ಅವರು ತಕ್ಷಣ ಏಳನೆಯ ಇಯತ್ತೆಯನ್ನು ಎಬ್ಬಿಸಿ, ಪಕ್ಕದ ಆರನೆಯದನ್ನೂ ಎಬ್ಬಿಸಿ, ಅಂಗಳಕ್ಕೆ ನಡೆಸಿದರು. ಮುಖ್ಯಾಧ್ಯಾಪಕರಾದ ಅಪ್ಪಾಸಾಬ ಗುರುಗಳು ಅಡ್ಡ ಬಂದು, ಪಾಠದ ಹೊತ್ತಲ್ಲಿ ಎಲ್ಲಿಗೆ ಹೊರಟಿರೆಂದು ಗದರಿದರು.

“ಇವತ್ತಿನ ಬಿಂದು ಇಡಾಕ ಗೋಡಿ ಸಾಲವಲ್ತ್ರೀ ಸರ. ಅಲ್ಲಿ ಮಕ್ಕಳು ಕೂಡೂದು ಬ್ಯಾಡ. ತಪ್ಪಾದ್ರ ನನ್ನ ಮ್ಯಾಲ ಬರೀರಿ,” ಎಂದರು ಅಕ್ಕೋರು.

ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಹನುಮಪ್ಪನ ಗುಡಿಯ ಪೌಳಿಯಲ್ಲಿ ಕುಳಿತು ಪಾಠ ಕೇಳಿದರು. ಮಧ್ಯಾಹ್ನ ಪಶ್ಚಿಮದಿಂದ ಕಪ್ಪು ಕವಿದು, ನಿಂತ ನಿಲುವಿನಲ್ಲಿ ಮಳೆ ಹೊಯ್ಯಿತು. ಓಣಿಯ ನೀರೆಲ್ಲ ವಾಡೆಯ ಬುಡಕ್ಕೆ ನುಗ್ಗಿತು. ಆಗ ಕೇಳಿದ ಸಪ್ಪಳ ದೊಡ್ಡದಾಗಿರಲಿಲ್ಲ. ಗುಡಿಯಲ್ಲಿದ್ದವರು ಹೇಳುವಂತೆ, ಬಹಳ ಹೊತ್ತು ಬಿಗಿಹಿಡಿದದ್ದನ್ನು ಯಾರೋ ಬಿಟ್ಟಂತೆ ಕೇಳಿಸಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಆ ಕೋಣೆಯ ಮೂಲೆಯೇ ಇರಲಿಲ್ಲ. ಫರಸಿ, ಚೌಕಟ್ಟು, ಪಕ್ಕದ ಸಾಲುಗಳ ಮಣೆಗಳು ಎಲ್ಲವನ್ನೂ ಒಂದು ಕಪ್ಪು ಬಾಯಿ ನುಂಗಿತ್ತು.

ಎರಡು ದಿನ ಕಬ್ಬಿನ ರವದಿಯ, ಒಣಗಿದ ಸೋಗೆಯ, ಕಟ್ಟುಗಳನ್ನು ಬೀಸಿ ಬೀಸಿ ಒಳಗಿನ ಗಾಳಿಯನ್ನು ಹೊರಹಾಕಿದರು. ಇಳಿಬಿಟ್ಟ ಕಂದೀಲು ಆರದೆ ಉರಿದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಜಕ್ಕಪ್ಪ ಇಳಿದ. ಮಕ್ಕಳು ಬದುಕಿದ ಋಣಕ್ಕೆ ತಾನೇ ಇಳಿಯುತ್ತೇನೆಂದು ಮುಂದೆ ಬಂದಿದ್ದ. ಹಗ್ಗ ಸಡಿಲಾಯಿತು. ಆಮೇಲೆ ಕೆಳಗಿನಿಂದ ಅವನ ದನಿ, ತೀರ ಮೆಲ್ಲಗೆ, ಇನ್ನೊಬ್ಬರ ನಿದ್ದೆ ಕೆಡಬಾರದೆಂಬಂತೆ ಬಂತು:

“ಒಳಗ ಒಬ್ಬಾಂವ ಕುಂತಾನ್ರಿ.”

ಗೋಡೆಗೆ ಬೆನ್ನು ಕೊಟ್ಟು ಕುಳಿತ ಎಲುಬುಗಳ ಪಕ್ಕದಲ್ಲಿ ರಾಶಿ ಅಳೆಯುವ ಮರದ ಕೊಳಗವಿತ್ತು. ತೋಳಿನ ಎಲುಬಿನಲ್ಲಿ ಒಂದು ಬೆಳ್ಳಿಯ ಕಡಗ. ಜಕ್ಕಪ್ಪ ಅವೆರಡನ್ನೂ ಮೇಲೆ ತಂದ. ಅಕ್ಕೋರು ತಾವೇ ಹೋಗಿ ಲಗಮವ್ವನನ್ನು ಕೈಹಿಡಿದು ಕರೆತಂದರು. ಮುದುಕಿ ಕಡಗವನ್ನು ಸೆರಗಿನಿಂದ ಒರೆಸಿ, ಒಳಮೈಯ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದಳು. ಊರ ಪೊಲೀಸ ಪಾಟೀಲರು ಯಾರದೆಂದು ಕೇಳಿದರು. ಗಂಡನ ಹೆಸರು ಹೇಳದ ಪದ್ಧತಿಯವಳು. ಅಷ್ಟು ವರ್ಷ ಅವರು, ಇವರು ಎಂದೇ ಕಳೆದಿದ್ದವಳು, “ಧರೆಪ್ಪ,” ಎಂದಳು. ಜಕ್ಕಪ್ಪ ತನ್ನ ತಂದೆಯ ಹೆಸರನ್ನು ತಾಯಿಯ ಬಾಯಿಂದ ಕೇಳಿದ್ದು ಅದೇ ಮೊದಲು.

ಗುಂಪಿನ ಹಿಂದಿದ್ದ ವಿರುಪಾಕ್ಷಪ್ಪನವರು ಟೊಪ್ಪಿಗೆ ತೆಗೆದು ಮುಂದೆ ಬಂದರು.

“ನಾ ಸಣ್ಣಾಂವ ಇದ್ದೆ. ಧರೆಪ್ಪ ಕೊಲ್ಲಾಪುರಕ್ಕ ಓಡಿ ಹೋಗ್ಯಾನ ಅಂತ ನಮ್ಮಪ್ಪ ಹೇಳಿದಾ. ಅವತ್ತ ಅಪ್ಪ ಉಣಲಿಲ್ಲ. ಒಂದ ದಿನದಾಗ ಈ ಹಗೇವಿನ ಬಾಯಿ ಮುಚ್ಚಿ ಫರಸಿ ಹಾಸಿಸಿದಾ. ಯಾಕ ಅಂತ ನಾ ದೊಡ್ಡಾಂವ ಆದ ಮ್ಯಾಲೂ ಕೇಳಲಿಲ್ಲ.”

ಲಗಮವ್ವ ಅವರನ್ನು ಬಯ್ಯಲಿಲ್ಲ. ಕಡಗವನ್ನು ಎದೆಗೊತ್ತಿಕೊಂಡು, ಅಕ್ಕೋರ ಕಡೆಗೆ ತಿರುಗಿ, “ಹಂಗಾರ ಅವರು ನನ್ನ ಬಿಟ್ಟು ಹೋಗಿದ್ದಿಲ್ಲವ್ವಾ,” ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

ಧರೆಪ್ಪನ ಕ್ರಿಯಾಕರ್ಮಗಳು ಜಕ್ಕಪ್ಪನ ಕೈಯಿಂದ, ವಿರುಪಾಕ್ಷಪ್ಪನವರ ಹೊಲದಲ್ಲಿ ನಡೆದವು. ಮ್ಹೈಸಾಳದ ವರನ ಮಾತು ಅಲ್ಲಿಗೇ ನಿಂತಿತು. ಮಗಳು ಕಲಿಯಲಿ ಎಂದು ಜಕ್ಕಪ್ಪನೇ ಹೇಳಿಕಳಿಸಿದ. ಆ ಅಕ್ಕವ್ವ ಇಂದು ರಾಯಬಾಗದ ಕಡೆ ದಾದಿಯಾಗಿದ್ದು, ಕೂಸುಗಳ ತೂಕದ ಗೆರೆಗಳನ್ನು ತಾಯಂದಿರಿಗೆ ಓದಿ ಹೇಳುತ್ತಾಳೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಮುಂದೆ ಅಕ್ಕೋರು ಅಥಣಿಯಲ್ಲಿ ಹಲವು ವರ್ಷ ದುಡಿದು, ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ಶಿಕ್ಷಕರ ತರಬೇತಿಗಳಿಗೆ ಮಾರ್ಗದರ್ಶಕರಾಗಿ ಬರತೊಡಗಿದರು. ಬೆಳಗಿನ ಹೊತ್ತು ಹೊರಗಿನ ಗಾಳಿಯ ಒತ್ತಡ ಏರಿ ಹಗೇವು ಗಾಳಿಯನ್ನು ಒಳಗೆಳೆಯುವುದನ್ನು, ಮಧ್ಯಾಹ್ನ ಒತ್ತಡ ಇಳಿದು ಅದು ಹೊರಬಿಡುವುದನ್ನು, ಬಿರುಮಳೆಗೆ ಮುನ್ನ ಆ ಲೆಕ್ಕ ತಪ್ಪುವುದನ್ನು ಅವರು ನಕ್ಷೆ ಹಾಕಿ ವಿವರಿಸುತ್ತಿದ್ದರೇ ಹೊರತು, ಒಳಗೆ ಸಿಕ್ಕದ್ದನ್ನು ಎಂದೂ ಹೇಳುತ್ತಿರಲಿಲ್ಲ. ಕಥೆ ತಿಳಿದಿದ್ದ ಒಬ್ಬ ಹೊಸ ಶಿಕ್ಷಕರು ಒಮ್ಮೆ ಎದ್ದು ನಿಂತು, ಎಣಿಕೆಯದು ಏನು ಹಾಗಾದರೆ ಎಂದು ಕೇಳಿಯೇಬಿಟ್ಟರು.

ಅಕ್ಕೋರು ಖಡು ಕೆಳಗಿಟ್ಟರು. “ಗಾಳಿ ಅಳದೆ, ಗಾಳೀದು ಹೇಳಿದೆ. ಎಣಿಕಿ ನಾ ಅಳೆದಿಲ್ಲ. ಅಳೀದದ್ದಕ್ಕ ನಾ ಗೆರಿ ಎಳಿಯೂದಿಲ್ಲ,” ಎಂದು ಮುಂದಿನ ಪಾಠಕ್ಕೆ ಹೋದರು.

ನಿವೃತ್ತಿಗೆ ಮುನ್ನವೇ ಅಕ್ಕೋರು ಬೇಡಕಿಹಾಳದ ತಮ್ಮ ಮನೆಯ ಹಿತ್ತಿಲ ಗೋಡೆಯನ್ನು ಸಾರಿಸಿ, ಕಬ್ಬು ಕಡಿಯಲು ಗಡಿಯಾಚೆಯಿಂದ ಬರುವ ಟೋಳಿಗಳ, ಕೂಲಿ ತಂಡಗಳ, ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ. ಹಂಗಾಮಿನಲ್ಲಿ ಬಂದ ಪ್ರತಿ ಮಗುವೂ ಅಲ್ಲಿ ತನ್ನ ಎತ್ತರದ್ದೊಂದು ಗೆರೆ ಆರಂಭಿಸುತ್ತದೆ. ಟೋಳಿ ಎದ್ದು ಹೋದಾಗ ಗೆರೆ ಅರ್ಧಕ್ಕೆ ನಿಲ್ಲುತ್ತದೆ. ಅವನ್ನು ಅಳಿಸಬೇಡಿರೆಂದು ಅಕ್ಕೋರು ಮನೆಯವರಿಗೆ ಹೇಳಿದ್ದಾರೆ. ಈ ಸಲದ ಹಂಗಾಮಿಗೆ ಮತ್ತೆ ಬಂದ ಲಕ್ಕವ್ವ ಎಂಬ ಪೋರಿ, ಗಾಡಿಯಿಂದ ಇಳಿದವಳೇ ಹಿತ್ತಿಲಿಗೆ ಓಡಿ, ಗೋಡೆಯ ತುಂಬ ಹುಡುಕಿ ಹುಡುಕಿ, ಒಂದು ಬಿಂದುವಿನ ಮೇಲೆ ಬೆರಳಿಟ್ಟು, “ಹೀ ಮಾಝೀ,” ಇದು ನನ್ನದು, ಎಂದಳಂತೆ. ಅಕ್ಕೋರು ಅಲ್ಲಿಂದ ಮುಂದಿನ ಬಿಂದುವನ್ನು ಅವಳ ಕೈಯಿಂದಲೇ ಇಡಿಸಿದರು.

ಆ ಗೋಡೆಯ ಮೇಲೆ ಇನ್ನೂ ಎಷ್ಟೋ ಗೆರೆಗಳು ಅರ್ಧಕ್ಕೆ ನಿಂತಿವೆ. ಅವುಗಳ ಮಕ್ಕಳು ಒಬ್ಬೊಬ್ಬರಾಗಿ ಮರಳಿ ಬರಲಿ. ಬಂದಾಗ ಬಾಗಿಲು ತೆರೆಯಲು, ನೀಲಿ ಕಲಸಿಕೊಡಲು, ಪೂರ್ಣಾಯುಷ್ಯದಿಂದ, ಗಟ್ಟಿ ಕೈಕಾಲುಗಳಿಂದ ನಮ್ಮ ಚೌಗಲಾ ಅಕ್ಕೋರು ಅಲ್ಲಿರಲಿ.